ನಾಲೆ ಬದಿಯ ಗರುಗ

ಬೆಂಗಳೂರಿನಿಂದ ಮೈಸೂರಿಗೆ ಹೋಗುವವರಿಗೆ ಈಗ ಮಂಡ್ಯ ಸೀಮೆ ಕಾಣಿಸುವುದು ಕಡಿಮೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರುಗಳನ್ನೆಲ್ಲ ಬದಿಗೆ ಸರಿಸಿ, ಎರಡೂ ಕಡೆ ತಡೆಗೋಡೆ ಕಟ್ಟಿಕೊಂಡು ಓಡುತ್ತದೆ. ಗದ್ದೆ ನೋಡಬೇಕೆಂದರೆ ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಬಿಟ್ಟು ಪಾಂಡವಪುರದ ಹಾದಿ ಹಿಡಿಯಬೇಕು. ಆಮೇಲೆ ಅವಸರ ಮಾಡುವುದು ಸಾಧ್ಯವಿಲ್ಲ. ಎತ್ತಿನಗಾಡಿ, ಕಬ್ಬಿನ ಲಾರಿ, ಸೈಕಲ್ಲಿನಲ್ಲಿ ಹೋಗುವ ಶಾಲೆಯ ಮಕ್ಕಳು, ಎಲ್ಲರಿಗೂ ದಾರಿ ಬಿಡುತ್ತ ಸಾಗಬೇಕು.

ಇದು ನಾಲೆಗಳ ನಾಡು. 1911ರಲ್ಲಿ ಕಟ್ಟಲು ಆರಂಭಿಸಿದ ಕನ್ನಂಬಾಡಿ ಅಣೆಕಟ್ಟೆಯ ಎಡಭಾಗದಿಂದ ಹೊರಡುವ ದೊಡ್ಡ ನಾಲೆಗೆ ಮೊದಲು ವೈಸರಾಯ್ ಇರ್ವಿನ್ನನ ಹೆಸರಿತ್ತು. ನಂತರ ಅದು ವಿಶ್ವೇಶ್ವರಯ್ಯ ನಾಲೆಯಾಯಿತು. ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಮಾಡಿದ ಸುರಂಗದೊಳಗೆ ನುಗ್ಗಿ ಆಚೆ ಕಡೆ ಹೊರಬೀಳುವ ಈ ನೀರೇ ಮಂಡ್ಯದ ಬಯಲನ್ನು ಬತ್ತ, ಕಬ್ಬಿನ ಬಯಲಾಗಿ ಮಾಡಿದ್ದು. ಇದಕ್ಕಿಂತ ಹಳೆಯದಾದ, ಹದಿನೇಳನೆಯ ಶತಮಾನದ ಒಡೆಯರ ಕಾಲಕ್ಕೆ ಸೇರಿದ ಚಿಕ್ಕದೇವರಾಜ ನಾಲೆ ಶ್ರೀರಂಗಪಟ್ಟಣದ ಸುತ್ತಮುತ್ತ ಇಂದಿಗೂ ಹರಿಯುತ್ತಿದೆ. ನಾಲೆ ಎಂದ ಮೇಲೆ ಜಿನುಗು ಇದ್ದೇ ಇರುತ್ತದೆ. ಜಿನುಗು ಇದ್ದ ಕಡೆ, ತೂಬಿನ ಬಾಯಲ್ಲಿ, ಬದುವಿನ ಓರೆಯಲ್ಲಿ, ಬಚ್ಚಲು ನೀರು ನಿಲ್ಲುವ ಹಿತ್ತಿಲಲ್ಲಿ ಒಂದು ಗಿಡ ತಾನಾಗಿಯೇ ಹುಟ್ಟುತ್ತದೆ. ಅದೇ ಗರುಗ. ಊರಿಂದೂರಿಗೆ ಅದು ಗರಗ, ಕಾಡಿಗ್ಗರುಗ ಎಂದೆಲ್ಲ ಆಗುತ್ತದೆ. ಸಂಸ್ಕೃತದ ಹೆಸರು ಹೇಳಿದರೆ ಪೇಟೆಯವರಿಗೂ ತಟ್ಟನೆ ಗೊತ್ತಾಗುತ್ತದೆ: ಭೃಂಗರಾಜ. ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯ ಮೇಲೆ ಓದಿದ ಹೆಸರು!

ಬಾಟಲಿಯ ಮೇಲಿನ ಚಿತ್ರದಲ್ಲಿ ಇದು ರಾಜಗಾಂಭೀರ್ಯದಿಂದ ಕಾಣಬಹುದು. ಬದುವಿನ ಮೇಲೆ ಹಾಗೇನೂ ಇಲ್ಲ. ಮೊಣಕಾಲೆತ್ತರ ಬೆಳೆದರೆ ಹೆಚ್ಚು. ಕೆಲವು ಕಡೆ ನೆಲಕ್ಕೇ ಒರಗಿ, ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ತೆವಳುತ್ತದೆ. ದಂಟಿಗೆ ಸ್ವಲ್ಪ ಕೆಂಪು ಛಾಯೆ. ಎಲೆಗಳು ಎದುರುಬದುರಾಗಿ, ಭರ್ಜಿಯ ತುದಿಯ ಹಾಗೆ ಚೂಪಾಗಿ ಇರುತ್ತವೆ, ಸವರಿದರೆ ಒರಟು. ಹೂವು ಅಂಗಿಯ ಚಿಕ್ಕ ಗುಂಡಿಯಷ್ಟು, ಬಿಳಿ. ಹೂವು ಮುಗಿದ ಮೇಲೆ ಉಳಿಯುವ ಹಸಿರು ಬಿಲ್ಲೆಯಲ್ಲಿ ಬೀಜಗಳು ಒತ್ತೊತ್ತಾಗಿ ಕುಳಿತಿರುವುದನ್ನು ನೋಡಿದರೆ ಇದು ಸೂರ್ಯಕಾಂತಿಯ ಬಳಗ ಎಂದು ಹೇಳಿಕೊಡಬೇಕಾಗಿಲ್ಲ. ಸಸ್ಯಶಾಸ್ತ್ರದವರು ಇದನ್ನು ಎಕ್ಲಿಪ್ಟಾ ಪ್ರೊಸ್ಟ್ರಾಟಾ ಎನ್ನುತ್ತಾರೆ. ಹಳೆಯ ಪುಸ್ತಕಗಳಲ್ಲಿ ಎಕ್ಲಿಪ್ಟಾ ಆಲ್ಬಾ ಎಂದಿರುತ್ತದೆ, ಎರಡೂ ಒಂದೇ. ಎಕ್ಲಿಪ್ಟಾ ಎಂಬುದು ‘ಕೊರತೆ’ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಇದೇ ಬಳಗದ ಅನೇಕ ಗಿಡಗಳ ಬೀಜಕ್ಕೆ ಗಾಳಿಯಲ್ಲಿ ಹಾರಲು ಕೂದಲಿನಂಥ ಕುಚ್ಚು ಇರುತ್ತದೆ. ಇದಕ್ಕೆ ಮಾತ್ರ ಅದಿಲ್ಲ. ಜಗತ್ತಿಗೆಲ್ಲ ಕೂದಲು ಕೊಡುತ್ತದೆಂಬ ಖ್ಯಾತಿಯ ಗಿಡಕ್ಕೆ ತನ್ನ ಬೀಜದ ಮೇಲೆ ಕೂದಲಿಲ್ಲವೆಂದೇ ಹೆಸರು ಬಂದಿದೆ!

ಗರುಗವನ್ನು ಗುರುತಿಸಲು ಹಳ್ಳಿಯವರು ಹೂವನ್ನಾಗಲಿ ಎಲೆಯನ್ನಾಗಲಿ ನೋಡುವುದಿಲ್ಲ. ದಂಟು ಮುರಿದು, ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಸುಮ್ಮನೆ ಕಾಯುತ್ತಾರೆ. ಮೊದಲು ಹಸಿರಾಗಿದ್ದ ರಸ ಸ್ವಲ್ಪ ಹೊತ್ತಿನಲ್ಲೇ ಕಡುಹಸಿರಾಗಿ, ನಂತರ ನೀಲಿಗಪ್ಪಾಗುತ್ತದೆ. ಹೆಚ್ಚಿಟ್ಟ ಬದನೆಕಾಯಿ ಗಾಳಿ ತಾಗಿ ಕಪ್ಪಾಗುತ್ತದಲ್ಲ, ನೋಡುವುದಕ್ಕೆ ಹಾಗೆಯೇ; ಆದರೆ ಈ ಕಪ್ಪು ಬಹಳ ಗಟ್ಟಿ. ವಿದ್ಯಾರ್ಥಿಗಳು ಇದನ್ನು ಬಿಳಿ ಕಾಗದದ ಮೇಲೆ ಮಾಡಿ ನೋಡಬಹುದು. ಖರ್ಚಿಲ್ಲದ ಪ್ರಯೋಗ. ಅಂಗಿಯ ಮೇಲೆ ಮಾತ್ರ ಬೇಡ, ಕಲೆ ಹೋಗುವುದಿಲ್ಲ.

ಈ ಗಿಡದ ಕಥೆಯೆಲ್ಲ ಈ ಕಪ್ಪಿನ ಸುತ್ತಲೇ ಸುತ್ತುತ್ತದೆ ಎಂದು ನನಗನ್ನಿಸುತ್ತದೆ. ಭೃಂಗವೆಂದರೆ ದುಂಬಿ, ಕಪ್ಪು ಬಣ್ಣಕ್ಕೆ ನಮ್ಮ ಕವಿಗಳ ಖಾಯಂ ಹೋಲಿಕೆ. ಕಾಡಿಗ್ಗರುಗ ಎಂಬ ಹೆಸರಿನಲ್ಲಿರುವುದು ಕಣ್ಣಿಗೆ ಹಚ್ಚುವ ಕಾಡಿಗೆ. ಶುಭ್ರವಾದ ಹತ್ತಿ ಬಟ್ಟೆಯನ್ನು ಗರುಗದ ರಸದಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಮತ್ತೆ ಅದ್ದಿ, ಮತ್ತೆ ಒಣಗಿಸಿ, ಅದನ್ನೇ ಬತ್ತಿ ಹೊಸೆದು ಹರಳೆಣ್ಣೆಯ ದೀಪ ಹಚ್ಚುತ್ತಿದ್ದರು. ಮೇಲೆ ಬೋರಲು ಹಾಕಿದ ತಟ್ಟೆಗೆ ಕಟ್ಟಿದ ಮಸಿಯನ್ನು ಬೆಣ್ಣೆಯಲ್ಲೋ ತುಪ್ಪದಲ್ಲೋ ಕಲಸಿದರೆ ವರ್ಷಕ್ಕಾಗುವಷ್ಟು ಕಾಡಿಗೆ. (ಎಳೆಯ ಕೂಸುಗಳ ಕಣ್ಣಿಗೆ ಯಾವ ಕಾಡಿಗೆಯೂ ಬೇಡವೆಂದು ಈಗ ಮಕ್ಕಳ ವೈದ್ಯರು ಹೇಳುತ್ತಾರೆ, ಆ ಮಾತು ಕೇಳುವುದು ಒಳ್ಳೆಯದು.) ಹಚ್ಚೆ ಹೊಯ್ಯುವವರಿಗೂ ಸೂಜಿಯ ಜೊತೆ ಬೇಕಾಗಿದ್ದದ್ದು ಈ ಸೊಪ್ಪಿನ ರಸವೇ. ಚರ್ಮದೊಳಗೆ ಇಳಿದ ಬಣ್ಣ ಮುದುಕಿಯಾಗುವವರೆಗೂ ಮುಂಗೈಯ ಮೇಲೆ ಉಳಿಯುತ್ತಿತ್ತು. ಕೂದಲನ್ನು ಕಪ್ಪು ಮಾಡುತ್ತದೆಂಬ ನಂಬಿಕೆಯ ಬೇರೂ ಇಲ್ಲೇ ಇರಬೇಕು. ಕೈಯನ್ನು ಕಪ್ಪು ಮಾಡಿದ್ದು ಕೂದಲನ್ನು ಬಿಟ್ಟೀತೆ?

ಆದರೆ ಗದ್ದೆಯ ಯಜಮಾನನ ಲೆಕ್ಕದಲ್ಲಿ ಗರುಗ ಔಷಧಿಯಲ್ಲ, ಕಳೆ. ಕೃಷಿ ಪುಸ್ತಕಗಳೂ ಇದನ್ನು ಬತ್ತದ ಗದ್ದೆಯ ಅಗಲ ಎಲೆಯ ಕಳೆಗಳ ಪಟ್ಟಿಯಲ್ಲೇ ಇಡುತ್ತವೆ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಬೀಜ ಮೊಳೆಯಲು ತೇವದಷ್ಟೇ ಬೆಳಕೂ ಬೇಕು. ಆದ್ದರಿಂದ ಪೈರು ಇನ್ನೂ ಚಿಕ್ಕದಾಗಿ, ಸಾಲುಗಳ ನಡುವೆ ಬಿಸಿಲು ಬೀಳುವ ದಿನಗಳಲ್ಲೇ ಅದು ತಲೆ ಎತ್ತುತ್ತದೆ. ನಾಟಿಯಾಗಿ ಮೂರು ನಾಲ್ಕು ವಾರಕ್ಕೆ ಹೆಂಗಸರು ಸಾಲಾಗಿ ಗದ್ದೆಗಿಳಿದು ಬಗ್ಗಿ ಕಳೆ ಕೀಳುತ್ತಿದ್ದ ಕಾಲದಲ್ಲಿ ಈ ಲೆಕ್ಕ ಇಬ್ಬರಿಗೂ ಸರಿಹೋಗುತ್ತಿತ್ತು. ಗದ್ದೆಗೆ ಕಳೆ ಹೋಯಿತು. ಕಿತ್ತವಳ ಮಡಿಲಿಗೆ ಸೊಪ್ಪು ಬಂತು. ಹೊನಗೊನೆಯಂತೆಯೇ ಗರುಗವೂ ಬೇರೆ ಕಟ್ಟಾಗಿ ಮನೆಗೆ ಹೋಗುತ್ತಿತ್ತು. ಯಾವುದು ತಿನ್ನುವುದು, ಯಾವುದು ತಲೆಗೆ, ಯಾವುದು ದನಕ್ಕೆ ಎಂಬ ವಿಂಗಡಣೆ ಬಗ್ಗಿದ ಬೆನ್ನು ಏಳುವುದರೊಳಗೇ ಮುಗಿದಿರುತ್ತಿತ್ತು.

ಈಗ ಆ ಸಾಲು ಎಲ್ಲ ಗದ್ದೆಗಳಲ್ಲೂ ಕಾಣುವುದಿಲ್ಲ. ಕೂಲಿಗೆ ಆಳು ಸಿಗುವುದಿಲ್ಲವೆಂಬುದು ಒಂದು ಕಾರಣ. ನಾಟಿ ಮಾಡುವ ಯಂತ್ರ ಬಂದಿರುವುದು ಇನ್ನೊಂದು. ನಾಟಿಯಾದ ಕೆಲವೇ ದಿನಗಳಲ್ಲಿ ಬ್ಯುಟಾಕ್ಲೋರ್, ಪ್ರೆಟಿಲಾಕ್ಲೋರ್‌ನಂಥ ಕಳೆನಾಶಕ ಹಾಕಿದರೆ ಕಳೆಯ ಬೀಜ ಮೊಳಕೆಯಲ್ಲೇ ಸಾಯುತ್ತದೆ. ರೈತನನ್ನು ಇದಕ್ಕಾಗಿ ದೂರುವುದು ಪೇಟೆಯಲ್ಲಿ ಕುಳಿತವರಿಗೆ ಸುಲಭ. ಇಡೀ ದಿನ ಕೆಸರಿನಲ್ಲಿ ಬಗ್ಗಿ ನಿಂತ ಹೆಂಗಸರ ಸೊಂಟದ ನೋವು ಕೇಳಿದವರು ಹಾಗೆ ಮಾತಾಡಲಾರರು. ಗದ್ದೆಯ ನಡುವೆ ಸತ್ತರೂ ಗರುಗ ನಾಲೆಯ ಏರಿಯ ಮೇಲೆ, ತೂಬಿನ ಪಕ್ಕ ಇನ್ನೂ ಯಥೇಚ್ಛವಾಗಿದೆ. ಗಿಡ ನಾಶವಾಗುವ ಭಯವಂತೂ ಸದ್ಯಕ್ಕಿಲ್ಲ. ಕಡಿಮೆಯಾಗುತ್ತಿರುವುದು ಅದನ್ನು ನೋಡಿದ ತಕ್ಷಣ ಹೆಸರಿಡಿದು ಕರೆಯುವವರು. ಪಾಂಡವಪುರದ ಆಸುಪಾಸಿನಲ್ಲಿ ಬದುವಿನ ಮೇಲೆ ಸಿಕ್ಕ ಹೈಸ್ಕೂಲು ಹುಡುಗರು ಭೃಂಗರಾಜ ಎಣ್ಣೆಯ ಮೂರು ಬ್ರಾಂಡು ಹೇಳಿದರು. ಕಾಲ ಬುಡದಲ್ಲಿದ್ದ ಗಿಡವನ್ನು ತೋರಿಸಿದ್ದು ಮಾತ್ರ ಅವರಲ್ಲೊಬ್ಬನ ಅಜ್ಜಿ.

ಮಂಡ್ಯದ ಬದುವಿನಿಂದ ಹೊರಟ ಸೊಪ್ಪು ಹೋಗಿ ಸೇರುವ ಊರು ಮೈಸೂರು. ಅಲ್ಲಿನ ಸಯ್ಯಾಜಿರಾವ್ ರಸ್ತೆಯೊಂದರಲ್ಲೇ ಇದರ ಎರಡು ಅವತಾರಗಳನ್ನು ಕಾಣಬಹುದು. ಒಂದು ಕಡೆ ದೇವರಾಜ ಮಾರುಕಟ್ಟೆ. 2016ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ಬಿದ್ದದ್ದು ನೆನಪಿರಬಹುದು. ಹಳೆಯ ಕಟ್ಟಡವನ್ನು ಉಳಿಸಬೇಕೋ ಕೆಡವಬೇಕೋ ಎಂಬ ವಾದ ಆಮೇಲೆ ನ್ಯಾಯಾಲಯದವರೆಗೂ ಹೋಯಿತು. ಹೂವು, ವೀಳ್ಯದೆಲೆ, ಗೋಪುರದಂತೆ ಪೇರಿಸಿಟ್ಟ ಕುಂಕುಮದ ನಡುವೆ ಪೂಜೆಯ ಪತ್ರೆ ಮಾರುವವರ ಬಳಿ ಕೇಳಿದರೆ ಹಸಿ ಗರುಗದ ಕಟ್ಟು ಸಿಗುವುದುಂಟು. ಆಸುಪಾಸಿನ ಗ್ರಂಧಿಗೆ ಅಂಗಡಿಯಲ್ಲಿ ಒಣಗಿದ್ದು, ಪುಡಿ ಮಾಡಿದ್ದು ಸಿಗುತ್ತದೆ. ಪುಡಿಯಾದ ಮೇಲೆ ಅದು ಗರುಗವೋ ಬೇರೆ ಸೊಪ್ಪೋ ಬ್ರಹ್ಮನೇ ಹೇಳಬೇಕು. ಕೊಳ್ಳುವವರು ಹಸಿಯದನ್ನೇ ಕೊಳ್ಳುವುದು ಲೇಸು. ಅಂಗೈ ಪರೀಕ್ಷೆಯಾದರೂ ಮಾಡಬಹುದು.

ಅದೇ ರಸ್ತೆಯಲ್ಲಿ ಮುಂದೆ ಹೋದರೆ ಸರ್ಕಾರಿ ಆಯುರ್ವೇದ ಕಾಲೇಜು. 1908ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಈ ಕಾಲೇಜಿನ ವಿದ್ಯಾರ್ಥಿಗಳಿಗೆ ಗರುಗ ದ್ರವ್ಯಗುಣದ ಪಾಠ. ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ ಇದನ್ನು ಕೂದಲಿಗೆ ಹಿತ, ಚರ್ಮಕ್ಕೆ ಹಿತ ಎಂದು ಹೇಳಿದೆ. ವಾಗ್ಭಟನ ಅಷ್ಟಾಂಗಹೃದಯದ ರಸಾಯನ ಭಾಗದಲ್ಲಿ ಹಾಲನ್ನೇ ಆಹಾರ ಮಾಡಿಕೊಂಡು ಒಂದು ತಿಂಗಳು ಇದರ ಸ್ವರಸ ಕುಡಿಯುವ ಕ್ರಮವಿದೆ. ಒಂದು ಸ್ವಾರಸ್ಯವನ್ನು ಗಮನಿಸಿ. ‘ತಲೆಗೆ ತಂಪು’ ಎಂದು ನಾವೆಲ್ಲ ಈ ಎಣ್ಣೆ ಹಚ್ಚುತ್ತೇವೆ. ಭಾವಪ್ರಕಾಶದ ಪ್ರಕಾರವಾದರೋ ಗರುಗದ ಗುಣ ಉಷ್ಣ, ತೀಕ್ಷ್ಣ! ತಂಪು ಬಹುಶಃ ಜೊತೆಗಿರುವ ಎಣ್ಣೆಯದು, ತಿಕ್ಕುವ ಅಮ್ಮನ ಕೈಯದು.

ಎಣ್ಣೆ ಕಾಯಿಸುವುದು ತಾಳ್ಮೆಯ ಕೆಲಸ. ಒಂದು ಪಾಲು ಎಳ್ಳೆಣ್ಣೆಗೋ ಕೊಬ್ಬರಿ ಎಣ್ಣೆಗೋ ನಾಲ್ಕು ಪಾಲು ರಸ, ಜೊತೆಗೆ ಅರೆದ ಸೊಪ್ಪಿನ ಕಲ್ಕ. ನೀರಿನಂಶವೆಲ್ಲ ಆರುವವರೆಗೆ ಸಣ್ಣ ಉರಿ. ಬತ್ತಿಯನ್ನು ಅದ್ದಿ ಹಚ್ಚಿದಾಗ ಚಟಪಟ ಎನ್ನದೆ ಉರಿದರೆ ಪಾಕ ಬಂದಿದೆಯೆಂದು ಅರ್ಥ. ಕೇರಳದ ನೀಲಿಭೃಂಗಾದಿ ತೈಲದಲ್ಲಿ ಗರುಗದ ಜೊತೆ ನೀಲಿ ಗಿಡ, ನೆಲ್ಲಿಕಾಯಿ, ಹಲವು ಬಗೆಯ ಹಾಲು ಕೂಡ ಸೇರುತ್ತವೆ. ಮಲೆಯಾಳಿಗಳಿಗೆ ಇದು ಕಯ್ಯೋನ್ನಿ. ಅವರ ‘ದಶಪುಷ್ಪ’ ಎಂಬ ಹತ್ತು ಪವಿತ್ರ ಗಿಡಗಳಲ್ಲಿ ಇದೂ ಒಂದಾಗಿ ಕರ್ಕಾಟಕ ಮಾಸದಲ್ಲಿ ಮನೆಯೊಳಗೆ ಬರುತ್ತದೆ. ಮರಾಠಿಯಲ್ಲಿ ಮಾಕಾ, ಪಿತೃಪಕ್ಷದಲ್ಲಿ ತುಳಸಿಯ ಜೊತೆ ಬೇಕೇ ಬೇಕು. ತಮಿಳಿನಲ್ಲಿ ಕರಿಸಲಾಂಗಣ್ಣಿ. ಹತ್ತೊಂಬತ್ತನೆಯ ಶತಮಾನದ ಸಂತ ವಳ್ಳಲಾರ್ ರಾಮಲಿಂಗ ಸ್ವಾಮಿಗಳು ಇದನ್ನು ನಿತ್ಯ ತಿನ್ನಬೇಕಾದ ಸೊಪ್ಪೆಂದು ಕೊಂಡಾಡಿದರು. ನಮ್ಮ ಮಲೆನಾಡಿನಲ್ಲಿ ತಂಬುಳಿ ಮಾಡುತ್ತಾರೆ. ರುಚಿ ಕಹಿಗೆ ಹತ್ತಿರ. ಮಜ್ಜಿಗೆ, ತೆಂಗಿನಕಾಯಿ ಸೇರಿದರೆ ಅಡ್ಡಿಯಿಲ್ಲ.

ಇಷ್ಟೆಲ್ಲ ಇದ್ದ ಮೇಲೆ ಕೂದಲು ಬೆಳೆಯುತ್ತದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. 2008ರಲ್ಲಿ ಮಧ್ಯಪ್ರದೇಶದ ಸಾಗರದ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿ ಇಲಿಗಳ ಬೆನ್ನಿನ ಕೂದಲು ತೆಗೆದು ಗರುಗದ ಸಾರ ಹಚ್ಚಿದರು. ಕೂದಲು ಬೇಗ ಮೂಡಿತೆಂದು ವರದಿ ಮಾಡಿದರು. ಜಾಹೀರಾತುಗಳು ಹಿಡಿದುಕೊಂಡಿರುವುದು ಇಂಥ ಫಲಿತಾಂಶಗಳನ್ನೇ. ಇಲಿಯ ಬೆನ್ನಿಗೂ ಮನುಷ್ಯನ ನೆತ್ತಿಗೂ ಬಹಳ ದೂರವಿದೆ. ಪರೀಕ್ಷೆಯ ದಿನಗಳಲ್ಲಿ ಬಾಚಣಿಗೆ ತುಂಬ ಕೂದಲು ನೋಡಿ ಅಳುವ ಕಾಲೇಜು ಹುಡುಗಿಯರ ತಾಯಂದಿರು ಒಂದು ಮಾತು ತಿಳಿದಿರಬೇಕು. ಡೆಂಗಿ, ಟೈಫಾಯಿಡ್‌ನಂಥ ಜ್ವರ ಬಂದುಹೋಗಿ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಅದು ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಯಾಗುತ್ತದೆ. ಆಗ ಹಚ್ಚುತ್ತಿದ್ದ ಎಣ್ಣೆ ಯಾವುದೋ ಅದಕ್ಕೆ ಕೀರ್ತಿ! ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿದ್ದರೆ, ಥೈರಾಯ್ಡ್ ತೊಂದರೆಯಿದ್ದರೆ ಯಾವ ರಾಜನೂ ಕಾಪಾಡಲಾರ. ರಕ್ತ ಪರೀಕ್ಷೆಯೇ ಆಗಬೇಕು. ಎಣ್ಣೆ ಹಚ್ಚಬಾರದೆಂದಲ್ಲ. ಹಚ್ಚಿಕೊಂಡರೆ ಸುಖವಿದೆ, ಕೂದಲು ಒಣಗಿ ತುಂಡಾಗುವುದು ತಪ್ಪುತ್ತದೆ. ಅಷ್ಟಕ್ಕೆ ದುಬಾರಿ ಬಾಟಲಿಯೇನೂ ಬೇಡ.

ಕೂದಲಿನ ವಿಷಯದಲ್ಲಿ ಮೋಸಹೋದರೆ ಹಣ ಹೋದೀತು. ಪಿತ್ತಜನಕಾಂಗದ ವಿಷಯ ಹಾಗಲ್ಲ. ಕಾಮಾಲೆಗೆ ಗರುಗದ ರಸವನ್ನು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕೊಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಹಳೆಯದು. ನೆಲನೆಲ್ಲಿಯೂ ಇದರ ಜೊತೆಗಾರ. ವಿಜ್ಞಾನ ಇದನ್ನು ತಳ್ಳಿಹಾಕಿಯೂ ಇಲ್ಲ. 1956ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರಜ್ಞ ಟಿ.ಆರ್. ಗೋವಿಂದಾಚಾರಿ ಮತ್ತು ಸಂಗಡಿಗರು ಇದರ ಹಳದಿ ಹೂವಿನ ಬಂಧುವಿನಿಂದ ವೆಡೆಲೊಲ್ಯಾಕ್ಟೋನ್ ಎಂಬ ವಸ್ತುವನ್ನು ಬೇರ್ಪಡಿಸಿ ಅದರ ರಚನೆಯನ್ನು ಬಿಡಿಸಿದರು. ಅದೇ ವಸ್ತು ಗರುಗದಲ್ಲೂ ಸಿಕ್ಕಿತು. ಪ್ರಯೋಗಾಲಯದ ಪ್ರಾಣಿಗಳಲ್ಲಿ ವಿಷದಿಂದ ಪಿತ್ತಜನಕಾಂಗಕ್ಕಾಗುವ ಹಾನಿಯನ್ನು ಅದು ತಗ್ಗಿಸಿದ್ದು ಆಮೇಲಿನ ಅಧ್ಯಯನಗಳಲ್ಲಿ ಕಂಡಿದೆ. ಇದು ಸಣ್ಣ ಮಾತಲ್ಲ.

ಆದರೆ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಕಾಮಾಲೆ ಕೊಳಕು ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ. ಅದು ಬಹುಪಾಲು ಮಕ್ಕಳಲ್ಲಿ ವಿಶ್ರಾಂತಿ, ಊಟದಿಂದಲೇ ಕೆಲವು ವಾರಗಳಲ್ಲಿ ಇಳಿಯುತ್ತದೆ. ಹಸಿರು ಔಷಧಿ ಕೊಡುವ ಊರಿನ ವೈದ್ಯರ ಕೈಗುಣಕ್ಕೆ ಇದೇ ದೊಡ್ಡ ಆಸರೆ. ಆ ಮಕ್ಕಳ ನಡುವೆ ಒಂದು ಮಗುವಿಗೆ ಪಿತ್ತನಾಳದಲ್ಲಿ ತಡೆಯಿದ್ದರೆ, ಇನ್ನೊಂದಕ್ಕೆ ಹೆಪಟೈಟಿಸ್ ಬಿ ಇದ್ದರೆ, ಕಣ್ಣಿನ ಹಳದಿ ನೋಡಿ ಯಾರೂ ಬೇರೆ ಮಾಡಿ ಹೇಳಲಾರರು. ಮಂಪರು ಕವಿಯುವುದು, ಅಸಂಬದ್ಧ ಮಾತು, ನಿಲ್ಲದ ವಾಂತಿ, ರಕ್ತಸ್ರಾವ ಕಂಡರಂತೂ ಒಂದು ಗಂಟೆಯೂ ಕಾಯಬಾರದು. ಹಳ್ಳಿಯ ಔಷಧಿಯ ಪಥ್ಯವೆಂದು ಉಪವಾಸ ಕೆಡವಿ, ವಾರಗಟ್ಟಲೆ ಕಾದು, ಕೊನೆಗೆ ಆಸ್ಪತ್ರೆಗೆ ಹೊತ್ತು ತಂದ ಮಕ್ಕಳ ಕಥೆಯನ್ನು ಯಾವ ಜಿಲ್ಲಾ ಆಸ್ಪತ್ರೆಯ ವೈದ್ಯರೂ ಹೇಳಬಲ್ಲರು. ರಕ್ತ ಪರೀಕ್ಷೆ ಮೊದಲು. ಗರುಗ ಬೇಕೆನಿಸಿದರೆ ಓದಿದ ಆಯುರ್ವೇದ ವೈದ್ಯರನ್ನು ಕೇಳಿ, ನಿಮ್ಮ ಡಾಕ್ಟರಿಗೂ ತಿಳಿಸಿ ಕೊಡಬಹುದು.

ಇನ್ನು ಸೊಪ್ಪು ಎಲ್ಲಿಯದು ಎಂಬುದು. ಗರುಗಕ್ಕೆ ನೀರು ಬೇಕು, ಯಾವ ನೀರು ಎಂಬ ಹಟವಿಲ್ಲ. ಕಾವೇರಿಯ ತಿಳಿನೀರು ಜಿನುಗುವ ಬದುವಿನಲ್ಲಿ ಹೇಗೆ ಬೆಳೆಯುತ್ತದೋ ಬೆಂಗಳೂರಿನ ಚರಂಡಿಯ ಅಂಚಿನಲ್ಲೂ ಹಾಗೆಯೇ ಸೊಂಪಾಗಿ ಬೆಳೆಯುತ್ತದೆ. ಕಾರ್ಖಾನೆಯ ಹೊಲಸು, ಭಾರಲೋಹ ಸೇರಿದ ಮಣ್ಣಿನಲ್ಲಿ ಬೆಳೆದದ್ದು ಅದನ್ನು ಎಲೆಯೊಳಗೂ ತುಂಬಿಕೊಳ್ಳಬಲ್ಲದು. ಕಳೆನಾಶಕ ಬಿದ್ದ ಗದ್ದೆಯದೂ ಹೊಟ್ಟೆಗೆ ಯೋಗ್ಯವಲ್ಲ. ಬೆಂಗಳೂರಿನ ಉದ್ಯಾನಗಳಲ್ಲಿ, ರಸ್ತೆ ವಿಭಜಕದಲ್ಲಿ ಹಳದಿ ಹೂವು ಬಿಟ್ಟು ಚಾಪೆಯಂತೆ ಹಬ್ಬಿರುವುದನ್ನು ಕೆಲವರು ಹಳದಿ ಭೃಂಗರಾಜವೆಂದು ಕಿತ್ತೊಯ್ಯುತ್ತಾರೆ. ಸಾಮಾನ್ಯವಾಗಿ ಅದು ಅಮೆರಿಕದಿಂದ ಅಲಂಕಾರಕ್ಕೆಂದು ಬಂದ ಸಿಂಗಪುರ ಡೈಸಿ, ಜಗತ್ತಿನ ನೂರು ದುಷ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವ ಗಿಡ. ಬಯಲಲ್ಲಿ ಉದ್ದ ತೊಟ್ಟಿನ ಮೇಲೆ ಹೂವು ಎತ್ತಿ ನಿಲ್ಲುವ ಗಬ್ಬು ಶಾವಂತಿಯೂ ಗರುಗದ ಹೆಸರಿನಲ್ಲಿ ಮಾರಾಟವಾಗುತ್ತದೆ. ಅದರ ಬೀಜಕ್ಕೆ ಕುಚ್ಚಿದೆ, ಹಾರುತ್ತದೆ. ತಿಕ್ಕಿದರೆ ಅಂಗೈ ಕಪ್ಪಾಗುವುದಿಲ್ಲ.

ಬೇಕಾದವರು ಮನೆಯಲ್ಲೇ ಬೆಳೆಯುವುದು ಸುಲಭ. ನಂಬಿಕೆಯ ಬದುವಿನಿಂದ ಬಲಿತು ಕಪ್ಪಾದ ಬೀಜದ ಬಿಲ್ಲೆ ನಾಲ್ಕು ತಂದರೆ ಸಾಕು. ಅಗಲವಾದ ಕುಂಡದ ಒದ್ದೆ ಮಣ್ಣಿನ ಮೇಲೆ ಉದುರಿಸಬೇಕು, ಮಣ್ಣು ಮುಚ್ಚಬಾರದು. ಬೆಳಕು ಕಾಣದಿದ್ದರೆ ಮೊಳೆಯುವುದಿಲ್ಲ. ಬಿಸಿಲು ಬೀಳುವ ಕಡೆ ಇಟ್ಟು ತೇವ ಆರದಂತೆ ನೋಡಿಕೊಳ್ಳಬೇಕು. ತೆವಳುವ ಕೊಂಬೆಯ ಗೆಣ್ಣೊಂದನ್ನು ಮುರಿದು ನೆಟ್ಟರೂ ಬರುತ್ತದೆ. ಮೈಸೂರಿನಿಂದ ಹಿಂತಿರುಗುವಾಗ ಹೆದ್ದಾರಿ ಬಿಟ್ಟು ಹಳೆಯ ದಾರಿಯಲ್ಲಿ ಬನ್ನಿ. ನಾಲೆಗೆ ನೀರು ಬಿಟ್ಟಿರುವ ತಿಂಗಳಾದರೆ ಏರಿಯ ಮೇಲೆ ಹುಡುಕುವ ಕಷ್ಟವೂ ಇರುವುದಿಲ್ಲ. ಬದುವಿನ ಮೇಲೆ ವಯಸ್ಸಾದ ಹೆಂಗಸರು ಯಾರಾದರೂ ಹುಲ್ಲು ಕೊಯ್ಯುತ್ತಿದ್ದರೆ ಅವರನ್ನು ಕೇಳಿ, ಮಕ್ಕಳೂ ಜೊತೆಯಲ್ಲಿರಲಿ. ನಮಗೆ ತೋರಿಸಿದ ಅಜ್ಜಿ ಗರುಗದ ಜೊತೆ ಇನ್ನೂ ಆರು ಸೊಪ್ಪಿನ ಹೆಸರು ಹೇಳಿದರು. ಅವುಗಳಲ್ಲಿ ಎರಡು ಮಾತ್ರ ನಮಗೆ ಗೊತ್ತಿದ್ದವು.